ಕೊಂಬೋ ಬೇರೋ

ಮದುವೆಯಾಗಿ ಧಾರವಾಡದ ಕಡೆಯ ಮನೆಗೆ ಸೊಸೆಯಾಗಿ ಹೋದ ಮೊದಲ ವಾರ. ಒಲೆಯ ಮುಂದೆ ನಿಂತಿದ್ದ ಅತ್ತೆಯವರು ತಿರುಗಿಯೂ ನೋಡದೆ, "ಅಲ್ಲ ಎಲ್ಲಿಟ್ಟೀಯವಾ?" ಎಂದು ಕೇಳಿದರು. ನಾನು ಹಾಸನದ ಕಡೆಯವಳು. ಏನನ್ನೋ ಇಡಬಾರದ ಕಡೆ ಇಟ್ಟಿದ್ದೇನೆ, ಅದಕ್ಕೇ 'ಅಲ್ಲ, ಎಲ್ಲಿಟ್ಟೆ' ಎಂದು ಗದರಿಸುತ್ತಿದ್ದಾರೆ ಎಂದುಕೊಂಡು, "ಯಾವುದನ್ನು ಅತ್ತೆ?" ಎಂದೆ. "ಅಲ್ಲಾ ಅಂದ್ರ ಅಲ್ಲಾ" ಎಂದರು. ಹೀಗೆ ಎರಡು ಮೂರು ಸಲ ನಡೆದ ಮೇಲೆ ನಾದಿನಿ ಬಂದು, ಬುಟ್ಟಿಯೊಳಗಿಂದ ಒಂದು ಕೊಂಬು ಹಸಿ ಶುಂಠಿ ತೆಗೆದು ಅವರ ಕೈಗಿಟ್ಟಳು. ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ನನ್ನನ್ನು ರೇಗಿಸಲು 'ಅಲ್ಲ' ಎಂಬ ಒಂದು ಮಾತು ಸಾಕಾಗಿತ್ತು.

ಆ ದಿನ ನಕ್ಕು ಬಿಟ್ಟ ಮಾತನ್ನು ಈಗ ನೆನೆದರೆ ಬೇರೆಯೇ ಒಂದು ಸಂಗತಿ ಹೊಳೆಯುತ್ತದೆ. ನಾವು ದಿನವೂ ಬಳಸುವ ಈ ಪದಾರ್ಥಕ್ಕೆ ಕನ್ನಡದಲ್ಲಿರುವ ಎರಡು ಹೆಸರೂ ಅದು ಏನು ಎಂದು ಹೇಳುವುದಿಲ್ಲ; ಅದು ಯಾವ ಸ್ಥಿತಿಯಲ್ಲಿದೆ ಎಂದಷ್ಟೇ ಹೇಳುತ್ತವೆ. ಶುಂಠಿ ಸಂಸ್ಕೃತದ ಮಾತು; ಒಣಗಿದ್ದು ಎಂದು ಅದರ ಅರ್ಥ. ಹಸಿಯದಕ್ಕೆ ಸಂಸ್ಕೃತದವರು ಆರ್ದ್ರಕ ಎಂದರು, ಹಿಂದಿಯವರ ಅದರಕ್ ಅದೇ. ಆರ್ದ್ರ ಎಂಬುದು ಪ್ರಾಕೃತದ ಬಾಯಲ್ಲಿ ನಯವಾಗಿ 'ಅಲ್ಲ' ಎಂದಾಯಿತು. ಮರಾಠಿಯ ಆಲೆ, ತೆಲುಗಿನ ಅಲ್ಲಂ, ನಮ್ಮತ್ತೆಯವರ ಅಲ್ಲ, ಎಲ್ಲ ಆ ಬಳಗದವೇ. ಅಂದರೆ ನಾವು ದಕ್ಷಿಣದವರು ಅಂಗಡಿಗೆ ಹೋಗಿ "ಕಾಲು ಕೆ.ಜಿ. ಹಸಿ ಶುಂಠಿ ಕೊಡಿ" ಎಂದು ಕೇಳಿದಾಗ, ನಿಜವಾಗಿ ಕೇಳುತ್ತಿರುವುದು 'ಹಸಿಯಾದ ಒಣಗಿದ್ದು'! ಭಾಷೆಗೆ ಇದರಿಂದ ಯಾವ ಮುಜುಗರವೂ ಇಲ್ಲ. ಅಂಗಡಿಯವನಿಗಂತೂ ಮೊದಲೇ ಇಲ್ಲ.

ಈ ಪ್ರಬಂಧ ನಮ್ಮ ಶುಂಠಿಯ ಕುರಿತಲ್ಲ. ಇಂಗ್ಲಿಷಿನ 'ಜಿಂಜರ್' ಎಂಬ ಶಬ್ದದ ಕುರಿತು. ಆ ಶಬ್ದದ ಹುಟ್ಟನ್ನು ನಾನು ಹತ್ತಾರು ವರ್ಷ ಮಕ್ಕಳಿಗೆ ತಪ್ಪಾಗಿ ಹೇಳಿಕೊಟ್ಟೆ. ತಪ್ಪು ಹೇಳಿಕೊಟ್ಟದ್ದಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಸರಿಯಾದುದನ್ನು ಹೇಳಿದ ಒಬ್ಬ ಹುಡುಗನ ಬಾಯಿ ಮುಚ್ಚಿಸಿದೆ.

ತಪ್ಪಿನ ಮೂಲ ನನ್ನ ಅಪ್ಪ. ಅವರು ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು, ಅಮರಕೋಶ ಬಾಯಿಪಾಠ. ಸಂಜೆ ಹೊತ್ತು ಜಗಲಿಯ ಮೇಲೆ ಕೂತು ನಮಗೆ ಶಬ್ದಗಳ ಕತೆ ಹೇಳುವುದು ಅವರಿಗೆ ದೊಡ್ಡ ಖುಷಿ. ಅಮರಕೋಶದಲ್ಲಿ ಆರ್ದ್ರಕದ ಪಕ್ಕದಲ್ಲೇ ಇನ್ನೊಂದು ಹೆಸರಿದೆ, ಶೃಂಗವೇರ ಅಥವಾ ಶೃಂಗಬೇರ ಎಂದು. ಶೃಂಗ ಎಂದರೆ ಕೊಂಬು, ವೇರ ಎಂದರೆ ಮೈ. ಕೊಂಬಿನಂಥ ಮೈಯುಳ್ಳದ್ದು ಶೃಂಗವೇರ. ಇದೇ ಗ್ರೀಕರಲ್ಲಿ ಜಿಂಗಿಬೆರಿಸ್ ಆಗಿ, ರೋಮನರಲ್ಲಿ ಜಿಂಗಿಬೆರ್ ಆಗಿ, ಕಡೆಗೆ ಇಂಗ್ಲಿಷರಲ್ಲಿ ಜಿಂಜರ್ ಆಯಿತು ಎಂದು ಅಪ್ಪ ಹೇಳುತ್ತ, ಒಳಗಿನಿಂದ ಒಂದು ತುಂಡು ಶುಂಠಿ ತರಿಸಿ, ಅದರ ಕವಲುಗಳನ್ನು ತೋರಿಸಿ, "ನೋಡು ಮಗೂ, ಜಿಂಕೆ ಕೊಂಬು ಹೇಗಿರುತ್ತೆ? ಹೀಗೇ ತಾನೆ?" ಎನ್ನುತ್ತಿದ್ದರು. ನಮಗೆ ನಂಬದಿರಲು ಕಾರಣವೇ ಇರಲಿಲ್ಲ. ಕನ್ನಡದಲ್ಲೂ ನಾವು ಶುಂಠಿಯನ್ನು, ಅರಿಶಿನವನ್ನು ಕೊಂಬು ಎಂದೇ ಎಣಿಸುತ್ತೇವಲ್ಲ. ಕಣ್ಣಿಗೂ ಸರಿ, ಕಿವಿಗೂ ಸರಿ. ಮೇಲೆ ಸಂಸ್ಕೃತದ ಗೌರವ ಬೇರೆ.

ಬಿ.ಎ., ಬಿ.ಎಡ್. ಮುಗಿಸಿ, ಸರ್ಕಾರಿ ಕೆಲಸ ಸಿಕ್ಕಿ, ಮಲೆನಾಡಿನ ಸೆರಗಿನ ಒಂದು ಹೋಬಳಿ ಊರಿನ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಹೇಳಲು ಬಂದಾಗ ಅಪ್ಪನ ಕೊಂಬನ್ನೂ ಜೊತೆಗೆ ತಂದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಎಂದರೆ ಹುಲಿ. ಆ ಹುಲಿ ನಮ್ಮ ಕಾಡಿನದೇ ಎಂದು ತೋರಿಸಿದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಲೆಕ್ಕಾಚಾರ ತಪ್ಪೇನೂ ಆಗಿರಲಿಲ್ಲ.

2004ನೆಯ ಇಸವಿ. ಒಂಬತ್ತನೆಯ ತರಗತಿ. ಪಾಠದಲ್ಲಿ ಯಾರೋ ಒಬ್ಬ 'ಜಿಂಜರ್ಲಿ' ನಡೆದ ಎಂದು ಬಂತು, ಅಂದರೆ ಮೆಲ್ಲಗೆ, ಎಚ್ಚರದಿಂದ. ಶುಂಠಿಗೂ ಮೆಲ್ಲಗೆ ನಡೆಯುವುದಕ್ಕೂ ಏನು ಸಂಬಂಧ ಮಿಸ್ ಎಂದು ಒಬ್ಬಳು ಕೇಳಿದಳು. ಸಂಬಂಧವಿಲ್ಲ. ಅದು ನಾಜೂಕು, ಅಂದ ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದಿರಬೇಕು, ದನಿ ಮಾತ್ರ ಒಂದೇ ಎಂದು ಹೇಳಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೈಯಲ್ಲಿ ಸೀಮೆಸುಣ್ಣ ಇತ್ತು, ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷ ಇತ್ತು. ಬೋರ್ಡಿನ ಮೇಲೆ ಜಿಂಜರ್ ಎಂದು ಬರೆದು, ಅದರ ಕೆಳಗೆ ಹಳೆಯ ಇಂಗ್ಲಿಷಿನ ಜಿಂಜಿವರ್, ಅದರ ಕೆಳಗೆ ಜಿಂಗಿಬೆರ್, ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ ಶೃಂಗವೇರ ಎಂದು ಬರೆದು, ಅಪ್ಪನ ಜಿಂಕೆಯನ್ನು ತಂದು ನಿಲ್ಲಿಸಿದೆ.

ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಆ ಹುಡುಗ ಆ ವರ್ಷವಷ್ಟೇ ಬಂದು ಸೇರಿದ್ದವನು. ವಯನಾಡಿನ ಕಡೆಯವರು, ಅವನಪ್ಪ ನಮ್ಮೂರ ಸುತ್ತ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದರು. ನಮ್ಮ ಕಡೆ ಶುಂಠಿ ಬೇಸಾಯ ಕಂಡವರಿಗೆ ಈ ಕುಟುಂಬಗಳು ಗೊತ್ತಿರುತ್ತವೆ. ಹುಡುಗನ ಕನ್ನಡ ಅಷ್ಟಕ್ಕಷ್ಟೆ. ಉಳಿದ ಮಕ್ಕಳೆಲ್ಲ ನನ್ನನ್ನು ಮಿಸ್ ಎಂದರೆ ಅವನೊಬ್ಬ ಮಾತ್ರ ಅವರ ಕಡೆಯ ರೂಢಿಯಂತೆ ಟೀಚರ್ ಎನ್ನುತ್ತಿದ್ದ. ಎದ್ದು ನಿಂತವನು ಬೋರ್ಡಿನ ಎರಡನೆಯ ಸಾಲನ್ನು ತೋರಿಸಿ, "ಟೀಚರ್, ಅದು ನಮ್ಮ ಮನೇಲಿ ಇಂಜಿ. ಇಂಜಿ, ವೇರ್. ವೇರ್ ಅಂದ್ರೆ ಬೇರು" ಎಂದ.

ನಾನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಂಸ್ಕೃತ ಬಂದ ಕಡೆ ನಿನ್ನ ಇಂಜಿ ಎಲ್ಲಿಂದ ಬರುತ್ತೋ? ಕೂತ್ಕೋ, ಶುಂಠ!" ಶುಂಠಿಯ ಪಾಠದಲ್ಲಿ ಶುಂಠ ಎಂಬ ಬೈಗುಳ ಎಷ್ಟು ಚೆನ್ನಾಗಿ ಕೂತಿತೆಂದರೆ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಸ್ಟಾಫ್ ರೂಮಿನಲ್ಲಿ ಈ ಚತುರೋಕ್ತಿಯನ್ನು ಹೇಳಿದಾಗ ಹಿಂದಿ ಮೇಡಂ, "ಬಂದರ್ ಕ್ಯಾ ಜಾನೇ ಅದರಕ್ ಕಾ ಸ್ವಾದ್" ಎಂದು ಒಗ್ಗರಣೆ ಹಾಕಿದರು. ಮಂಗನಿಗೇನು ಗೊತ್ತು ಶುಂಠಿಯ ರುಚಿ. ಶುಂಠಿ ಬೆಳೆಯುವವನ ಮಗನ ಬಗ್ಗೆ ಆಡಿದ ಮಾತು ಅದು. ಆ ಹುಡುಗ ಮತ್ತೆ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ.

ಮೂರು ವರ್ಷದ ನಂತರ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದ ಕಾಲೇಜಿನ ಗ್ರಂಥಾಲಯದಲ್ಲಿ ಫ್ಯಾನಿನ ಗಾಳಿಗೆ ಕೂತಿದ್ದಾಗ ಎದುರಿನ ಬೀರುವಿನಲ್ಲಿ 'ಹಾಬ್ಸನ್-ಜಾಬ್ಸನ್' ಕಾಣಿಸಿತು. ಇಂಗ್ಲಿಷಿಗೆ ಸೇರಿದ ಭಾರತೀಯ ಮಾತುಗಳ ನಿಘಂಟು ಅದು, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ್ದು, 1886ರಲ್ಲಿ ಅಚ್ಚಾದದ್ದು. ಬರ್ನೆಲ್ ನಮಗೆ ಪೂರ್ತಿ ಹೊರಗಿನವರಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು ತುಳುನಾಡಿನ ಭೂತಾರಾಧನೆಯ ಬಗ್ಗೆ ಸಾಮಗ್ರಿ ಕೂಡಿಸಿದವರು. ಪುಸ್ತಕ ಹೊರಬರುವ ಮೊದಲೇ, 1882ರಲ್ಲಿ, ತೀರಿಕೊಂಡರು. ಹೆಸರಿನ ವಿನೋದ ನೋಡಿ: ಮೊಹರಮ್ಮಿನಲ್ಲಿ ಜನ 'ಯಾ ಹಸನ್, ಯಾ ಹುಸೇನ್' ಎಂದು ಕೂಗುವುದನ್ನು ಬ್ರಿಟಿಷ್ ಸಿಪಾಯಿಗಳು ತಮ್ಮ ಊರಿನ ಹೆಸರುಗಳಂತೆ ಕೇಳಿಸಿಕೊಂಡು ಹಾಬ್ಸನ್-ಜಾಬ್ಸನ್ ಮಾಡಿದರು. ಅರ್ಥವಾಗದ ಮಾತನ್ನು ಅರ್ಥವಾಗುವ ಮಾತಿಗೆ ಒಗ್ಗಿಸಿಕೊಳ್ಳುವ ಈ ಚಾಳಿಗೆ ವಿದ್ವಾಂಸರು ಜನಪದ ನಿಷ್ಪತ್ತಿ ಎನ್ನುತ್ತಾರೆ.

ಜಿಂಜರ್ ಎಂಬ ನಮೂದನ್ನು ತೆಗೆದೆ, ಅಪ್ಪನ ಮಾತು ಅಚ್ಚಿನಲ್ಲಿ ಸಿಗುತ್ತದೆ ಎಂಬ ಆಸೆಯಿಂದಲೇ. ಸಿಕ್ಕಿತು, ಆದರೆ ಹಾಗಲ್ಲ. ಸಂಸ್ಕೃತದವರು ಶೃಂಗವೇರವನ್ನು ಕೊಂಬಿಗೆ ಗಂಟು ಹಾಕುತ್ತಾರೆ, ಆದರೆ ಇದು ಹೊರಗಿನಿಂದ ಬಂದ ಶಬ್ದವನ್ನು ಕಲ್ಪನೆಯ ಅರ್ಥಕ್ಕೆ ತಕ್ಕಂತೆ ತಿದ್ದಿಕೊಂಡದ್ದಿರಬೇಕು ಎಂದು ಅಲ್ಲಿತ್ತು. ಅದರ ಮುಂದೆಯೇ ಮಲಬಾರು, ಮಲಯಾಳ, ಇಂಚಿ, ಇಂಚಿವೇರ್. ಕೊನೆಯ ಬೆಂಚಿನ ಹುಡುಗ ಹೇಳಿದ್ದನ್ನೇ ನೂರಿಪ್ಪತ್ತು ವರ್ಷ ಹಿಂದೆ ಇಬ್ಬರು ದೊರೆಗಳು ಬರೆದಿಟ್ಟಿದ್ದರು. ಆ ಮಧ್ಯಾಹ್ನ ನಾನು ತಿದ್ದಿದ ಉತ್ತರ ಪತ್ರಿಕೆಗಳ ಮಕ್ಕಳಿಗೆ ಸ್ವಲ್ಪ ಧಾರಾಳವಾಗಿಯೇ ಅಂಕ ಬಿದ್ದಿರಬೇಕು.

ಅಲ್ಲಿಂದ ನನಗೆ ಇದೊಂದು ಹುಚ್ಚು. ಸಿಕ್ಕ ನಿಘಂಟನ್ನೆಲ್ಲ ತೆಗೆದು ನೋಡಿದೆ. ಹುಡುಗ ಹೇಳಿದ್ದು ಸರಿ ಎನ್ನಲು ದನಿ ಹೋಲುತ್ತದೆ ಎಂಬುದಕ್ಕಿಂತ ಗಟ್ಟಿಯಾದ ಆಧಾರ ಬೇಕಲ್ಲ. ಹೋಲಿಕೆ ಅಪ್ಪನ ಕೊಂಬಿಗೂ ಇತ್ತು.

ಮೊದಲನೆಯ ಅನುಮಾನ 'ವೇರ' ಎಂಬುದರ ಮೇಲೆ. ಸಂಸ್ಕೃತದಲ್ಲಿ ಮೈ ಎನ್ನಲು ದೇಹ, ಶರೀರ, ಕಾಯ, ತನು ಎಂದು ಎಷ್ಟೊಂದು ಮಾತಿವೆ. ವೇರ ಎಂಬ ಮೈಯನ್ನು ಹುಡುಕಿದರೆ ಅದು ಸಿಗುವುದು ಕೋಶಕಾರರ ಪಟ್ಟಿಯಲ್ಲೇ. ಕೊಂಬಿಗೆ ಒಂದು ಮೈ ಬೇಕಾಯಿತು, ಮೈ ಒದಗಿಬಂತು ಎಂದೇ ನನಗನಿಸುತ್ತದೆ. ಅದೇ ತಮಿಳು, ಮಲಯಾಳಗಳಲ್ಲಿ ವೇರ್ ಎಂದರೆ ಇಂದಿಗೂ ಬೇರು. ಕೂಲಿಯವರಿಂದ ಹಿಡಿದು ಕವಿಗಳವರೆಗೆ ಎಲ್ಲರ ಬಾಯಲ್ಲೂ ಓಡಾಡುವ ಮಾತು. ವಿಲ್ ನಮ್ಮಲ್ಲಿ ಬಿಲ್ಲು ಆದ ಹಾಗೆ, ವಾ ನಮ್ಮಲ್ಲಿ ಬಾ ಆದ ಹಾಗೆ, ವೇರ್ ಬೇರು ಆಯಿತು.

ಎರಡನೆಯದು, ಮತ್ತು ನನಗೆ ರೋಮಾಂಚನವಾದದ್ದು, 'ಸ'ಕಾರದ ವಿಚಾರ. ಇಂಜಿಯಲ್ಲಿ ಸ ಇಲ್ಲ. ಶೃಂಗವೇರದಲ್ಲಿ ಶ ಇದೆ, ಪಾಲಿ ಭಾಷೆಯ ಸಿಂಗಿವೇರದಲ್ಲಿ ಸ ಇದೆ, ಗ್ರೀಕಿನಲ್ಲಿ ಜ ಇದೆ. ಹಾಗಾದರೆ ಇಂಜಿಯಿಂದ ಇವು ಹೇಗೆ ಬಂದಾವು? ಉತ್ತರ ನಾವು ಬೆರಳೆಣಿಸುವ ಸಂಖ್ಯೆಯಲ್ಲೇ ಇದೆ. ನಮ್ಮ 'ಆರು' ಗೊಂಡಿ ಭಾಷೆಯಲ್ಲಿ 'ಸಾರುಂಗ್'. ನಮ್ಮ 'ಉಪ್ಪು' ಗೊಂಡಿಯಲ್ಲಿ 'ಸೋವರ್'. ಮಧ್ಯಭಾರತದ ಕಾಡುಗಳಲ್ಲಿ ಉಳಿದ ಆ ಸೋದರ ಭಾಷೆ ಉಳಿಸಿಕೊಂಡ ಮೊದಲಕ್ಷರವನ್ನು ನಮ್ಮ ದಕ್ಷಿಣದ ಭಾಷೆಗಳು ಎಂದೋ ಕಳೆದುಕೊಂಡವು, ಆಮೇಲೆ ಕನ್ನಡ 'ಪಾಲು' ಎಂಬುದನ್ನು 'ಹಾಲು' ಮಾಡಿಕೊಂಡ ಹಾಗೆ. ಇಂಜಿಗೂ ಮೊದಲು ಅಂಥದೊಂದು ಅಕ್ಷರ ಇತ್ತು. ಅದಿನ್ನೂ ಇದ್ದಾಗಲೇ ಶಬ್ದ ದಕ್ಷಿಣದಿಂದ ಹೊರಟು ಉತ್ತರದ ಪ್ರಾಕೃತಗಳನ್ನು ಸೇರಿತು. ತವರಿನಲ್ಲಿ ಕಳೆದುಹೋದದ್ದು ಹೊರಗೆ ಹೋದವರ ಹತ್ತಿರ ಉಳಿಯಿತು. ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ತವರಿನ ಹಳೆಯ ಪಾತ್ರೆ ಸಿಗುವುದಿಲ್ಲವೆ, ಹಾಗೆ.

ಬೌದ್ಧರ ವಿನಯ ಗ್ರಂಥದಲ್ಲಿ ಭಿಕ್ಷುಗಳು ಔಷಧಿಗೆ ಇಟ್ಟುಕೊಳ್ಳಬಹುದಾದ ಬೇರುಗಳ ಪಟ್ಟಿಯೊಂದಿದೆ. ಅರಿಶಿನ, ಅದರ ಪಕ್ಕದಲ್ಲಿ ಸಿಂಗಿವೇರ, ಆಮೇಲೆ ಬಜೆ, ಲಾವಂಚ ಇತ್ಯಾದಿ. ಬೇರುಗಳ ಪಟ್ಟಿಯೊಳಗೆ ತನ್ನ ಹೆಸರಿನಲ್ಲೇ ಬೇರನ್ನು ಇಟ್ಟುಕೊಂಡ ಈ ಮಾತು ಸದ್ದಿಲ್ಲದೆ ಕೂತಿದೆ. ಪ್ರಾಕೃತದ ಮಾತನ್ನು ಸಂಸ್ಕೃತಕ್ಕೆ ಏರಿಸುವಾಗ ಪಂಡಿತರಿಗೆ 'ಸಿಂಗಿ' ಎಂಬುದು ಶೃಂಗದಂತೆ ಕೇಳಿಸಿತು. ಪ್ರಾಕೃತದಲ್ಲಿ ಶೃಂಗ ಸಿಂಗವೇ ಆಗುವುದರಿಂದ ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ನಮ್ಮಪ್ಪ ತೋರಿಸಿದ ಜಿಂಕೆ ಕೊಂಬನ್ನು ಅವರೂ ಕಂಡಿರಬೇಕು. ಸಿಪಾಯಿ ಹಸನ್-ಹುಸೇನರನ್ನು ಹಾಬ್ಸನ್-ಜಾಬ್ಸನ್ ಮಾಡಿದ್ದಕ್ಕೂ ಪಂಡಿತರು ಸಿಂಗಿವೇರವನ್ನು ಶೃಂಗವೇರ ಮಾಡಿದ್ದಕ್ಕೂ ಏನು ವ್ಯತ್ಯಾಸ? ಒಂದನ್ನು ನೋಡಿ ನಗುತ್ತೇವೆ, ಇನ್ನೊಂದನ್ನು ಗೈಡುಗಳಲ್ಲಿ ಅಚ್ಚು ಹಾಕಿಸಿ ಬಾಯಿಪಾಠ ಮಾಡಿಸುತ್ತೇವೆ.

ಇಂಗ್ಲಿಷರೂ ಇದಕ್ಕೆ ಹೊರತಲ್ಲ. ಅವರ ಜಿಂಜರ್‌ಬ್ರೆಡ್ ಎಂಬ ಸಿಹಿ ತಿನಿಸಿನ ಹೆಸರಿನಲ್ಲಿ ಮೊದಲು ಬ್ರೆಡ್ಡೇ ಇರಲಿಲ್ಲ. ಹಳೆಯ ಫ್ರೆಂಚಿನಲ್ಲಿ ಜಿಂಜೆಂಬ್ರಾಸ್ ಎಂದರೆ ಸಕ್ಕರೆ ಪಾಕದಲ್ಲಿಟ್ಟ ಶುಂಠಿ. ಆ 'ಬ್ರಾಸ್' ಇಂಗ್ಲಿಷರ ಕಿವಿಗೆ ಬ್ರೆಡ್ ಆಗಿ ಕೇಳಿಸಿತು. ಹೆಸರಿನಲ್ಲಿ ಬ್ರೆಡ್ ಬಂದ ಮೇಲೆ ತಿನಿಸಿನಲ್ಲೂ ಹಿಟ್ಟು ಬರಲೇಬೇಕಾಯಿತು.

ಈ ಶಬ್ದ ಪಶ್ಚಿಮಕ್ಕೆ ಹೋದ ದಾರಿಯಲ್ಲಿ ಕೇಳಿದವರಿಗೆಲ್ಲ ಊರು ಬೇರೆಯೇ ಹೇಳಿದೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ ತನ್ನ ಗ್ರಂಥದಲ್ಲಿ, ಶುಂಠಿ ಮೆಣಸಿನ ಗಿಡದ ಬೇರು ಎಂದು ಕೆಲವರು ತಿಳಿದಿದ್ದಾರೆ, ಅದು ಸುಳ್ಳು ಎಂದು ಬುದ್ಧಿವಂತಿಕೆಯಿಂದ ತಿದ್ದಿ, ಮರುಕ್ಷಣವೇ ಅದು ಅರಬರ ನಾಡಿನಲ್ಲೂ ಕೆಂಪು ಸಮುದ್ರದಾಚೆಯ ನಾಡಿನಲ್ಲೂ ಬೆಳೆಯುತ್ತದೆ ಎಂದು ಬರೆದುಬಿಡುತ್ತಾನೆ. ಮಾರುವವರು ಅರಬರಾದ್ದರಿಂದ ಬೆಳೆಯುವವರೂ ಅವರೇ ಎಂದುಕೊಂಡ. ಬೆಲೆ ಮಾತ್ರ ಸರಿಯಾಗಿ ಕೇಳಿಟ್ಟುಕೊಂಡಿದ್ದಾನೆ: ರೋಮನ್ ರಾತಲಿಗೆ ಶುಂಠಿ 6 ದಿನಾರಿ, ಕರಿಮೆಣಸು 4. ಅರಬರು ಅದನ್ನು ಜಂಜಬೀಲ್ ಎಂದರು. ಕುರಾನಿನಲ್ಲಿ ಸ್ವರ್ಗದ ಪಾನೀಯದ ವರ್ಣನೆಯಲ್ಲಿ ಜಂಜಬೀಲ್ ಬರುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ವೈದ್ಯದ ಬರಹಗಳಲ್ಲಿ ಲ್ಯಾಟಿನ್ನಿನಿಂದ ಬಂದ ಜಿಂಜಿಫರ್ ಇದೆ. ಮುಂದೆ ಫ್ರೆಂಚರ ಮಾತೂ ಅದಕ್ಕೆ ಕೂಡಿಕೊಂಡು, ಸವೆದು ಸವೆದು ಜಿಂಜರ್ ಆಯಿತು. ಕೊನೆಯ ಆ 'ರ್' ಇದೆಯಲ್ಲ, ಅದು ಬೇರಿನ ಉಳಿದ ತುದಿ. ಆಲನ್ ರಾಸ್ ಎಂಬ ವಿದ್ವಾಂಸರು 1952ರಲ್ಲಿ ಈ ಒಂದೇ ಶಬ್ದದ ಪ್ರಯಾಣದ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಇಷ್ಟು ತಿಳಿದ ಮೇಲೆ ಬೀಗುವುದು ಸುಲಭ. ನವೆಂಬರ್ ಬಂತೆಂದರೆ ನಮ್ಮಲ್ಲಿ ಭಾಷಣಕಾರರು ಇಂಗ್ಲಿಷಿಗೆ ನಾವು ಕೊಟ್ಟ ಶಬ್ದಗಳ ಪಟ್ಟಿ ಓದುತ್ತಾರೆ. ಪಟ್ಟಿಯಲ್ಲಿ ಗಟ್ಟಿಯಾದವೂ ಇರುತ್ತವೆ. ಪೋರ್ಚುಗೀಸರು ಮಲಬಾರಿನಿಂದ ಹೊತ್ತೊಯ್ದ ಟೀಕ್ ನಮ್ಮ ತೇಗದ ಬಳಗ, ಅರೆಕಾ ನಮ್ಮ ಅಡಕೆಯ ಬಳಗ. ಆದರೆ ರೈಸ್ ನೇರವಾಗಿ ತಮಿಳಿನ ಅರಿಸಿಯಿಂದ ಬಂತು ಎಂದು ಮೇಜು ಕುಟ್ಟಿ ಹೇಳುವವರಿಗೆ, ಗ್ರೀಕರ ಒರಿಜಾ ಇರಾನಿನ ಕಡೆಯ ಭಾಷೆಗಳ ಮೂಲಕ ಬಂದಿರಬೇಕೆಂಬ ಮತವೇ ಬಲವಾದದ್ದು ಎಂದರೆ ಕೋಪ ಬರುತ್ತದೆ. ದನಿ ಹೋಲಿದರೆ ಸಾಕು, ನೆಂಟಸ್ತಿಕೆ ಎನ್ನುವುದು ನಮ್ಮ ಚಪಲ. ಒಂದು ಬಲೆ ಹೇಳುತ್ತೇನೆ. ಜರ್ಮನರು ಶುಂಠಿಗೆ 'ಇಂಗ್‌ವರ್' ಎನ್ನುತ್ತಾರೆ. ಇದನ್ನು ಮೊದಲ ಸಲ ಕಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಇಂಜಿವೇರ್, ಇಂಗ್‌ವರ್! ಆದರೆ ಹಳೆಯ ಜರ್ಮನಿನಲ್ಲಿ ಅದು ಗಿಂಗಿಬೆರೋ. ಎಲ್ಲರಂತೆ ಲ್ಯಾಟಿನ್ ದಾರಿಯಲ್ಲಿ ಬಂದು, ಆಮೇಲೆ ತನ್ನಷ್ಟಕ್ಕೆ ಮೊದಲಕ್ಷರ ಬಿಟ್ಟದ್ದು. ಮಲಯಾಳ ಬಿಟ್ಟದ್ದಕ್ಕೂ ಜರ್ಮನ್ ಬಿಟ್ಟದ್ದಕ್ಕೂ ಯಾವ ಸಂಬಂಧವೂ ಇಲ್ಲ. ಹಾಗೆಯೇ ಸಸ್ಯಶಾಸ್ತ್ರದ ಹೆಸರಾದ ಜಿಂಗಿಬೆರ್ ಅಫಿಸಿನಾಲೆಯಲ್ಲಿ ನಮ್ಮ ಕಿವಿಗೆ 'ಬೇರು' ಎಂದು ಸ್ಪಷ್ಟವಾಗಿಯೇ ಕೇಳಿಸುತ್ತದೆ. ಬೇರು ಇರುವುದು ನಿಜ. 'ಬ' ಮಾತ್ರ ನಮ್ಮದಲ್ಲ. ಗ್ರೀಕರ ಬಾಯಲ್ಲಿ ಬಂದ ಬಕಾರ ಬೇರೆ, ಕನ್ನಡದ ಬಾಯಲ್ಲಿ ಬಂದ ಬಕಾರ ಬೇರೆ.

ಹಾಬ್ಸನ್-ಜಾಬ್ಸನ್ ಕೂಡ ಇಂಥ ಕಡೆ ಜಾರಿದೆ. ಇಂಚಿಯೇ ಬೇರು ಎಂದು ಅರ್ಥ ಹೇಳಿ ವೇರ್ ಎಂಬುದನ್ನು ಕೈಬಿಟ್ಟದ್ದು ಒಂದು. ಇಂಚಿಯ ಮೊದಲಕ್ಷರ ಕಳೆದಿದೆ ಎಂದು ಸರಿಯಾಗಿಯೇ ಊಹಿಸಿ, ಅದಕ್ಕೆ ಸಾಕ್ಷಿಯಾಗಿ ಕನ್ನಡದ ಶುಂಠಿಯನ್ನು ಎಳೆದು ತಂದದ್ದು ಇನ್ನೊಂದು. ನಮ್ಮ ಶುಂಠಿಗೆ ಆ ಪಟ್ಟ ಸಲ್ಲುವುದಿಲ್ಲ. ಅದು ಸಂಸ್ಕೃತದ ಒಣಗಿದ ಶುಂಠಿ. ಕನ್ನಡದ ಹೆಸರು ಆ ಪುಟದಲ್ಲಿ ಕಂಡಾಗ ನನಗೂ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಿಕ್ಕಿದ ಪಾಲು ನಮ್ಮದಲ್ಲದಿದ್ದರೆ ವಾಪಸು ಕೊಡಬೇಕು. 1961ರಲ್ಲಿ ಬರೋ ಮತ್ತು ಎಮೆನೋ ದ್ರಾವಿಡ ಭಾಷೆಗಳ ಪದನಿಷ್ಪತ್ತಿ ಕೋಶ ತಂದ ಮೇಲೆ ಇಂಥ ಪಾಲುಪಟ್ಟಿ ಮಾಡಲು ಎಲ್ಲರಿಗೂ ಒಂದು ಲೆಕ್ಕದ ಪುಸ್ತಕ ಸಿಕ್ಕಂತಾಯಿತು.

ಹಾಗೆ ನೋಡಿದರೆ ಜಿಂಜರಿನಲ್ಲಿ ಕನ್ನಡಕ್ಕೆ ಬರುವ ಪಾಲು ಅರ್ಧ, ಬೇರಿನ ಕಡೆಯ ಅರ್ಧ. ಅದೂ ದಾಯಾದಿ ಪಾಲು. ಇಂಜಿಯನ್ನು ತಮಿಳು, ಮಲಯಾಳಗಳು ಉಳಿಸಿಕೊಂಡವು. ನಾವು ಉತ್ತರದ ಹೆಸರುಗಳನ್ನು ಅಡಿಗೆಮನೆಗೆ ತಂದುಕೊಂಡೆವು. ದಕ್ಷಿಣದ ಹೆಸರು ಲಂಡನ್ನಿನ ಅಡಿಗೆಮನೆಯಲ್ಲಿ, ಉತ್ತರದ ಹೆಸರು ನಮ್ಮಲ್ಲಿ. ಇನ್ನು ಇಂಜಿಯಾದರೂ ಅಪ್ಪಟ ದಕ್ಷಿಣದ್ದೇ ಎಂದರೆ, ಅದೂ ಆಗ್ನೇಯ ಏಷ್ಯಾದ ಯಾವುದೋ ಭಾಷೆಯಿಂದ ಬಂದದ್ದಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಶುಂಠಿ ಕಾಡಿನಲ್ಲಿ ತಾನಾಗಿ ಬೆಳೆದದ್ದನ್ನು ಕಂಡವರಿಲ್ಲ. ಮನುಷ್ಯ ಕೈಯಾರೆ ತುಂಡು ಮಾಡಿ ನೆಟ್ಟರೇ ಅದಕ್ಕೆ ಬಾಳು. ಅಂಥ ಗಿಡ ಬಂದದ್ದು ಕೈಯಿಂದ ಕೈಗೆ. ಹೆಸರೂ ಬಾಯಿಂದ ಬಾಯಿಗೆ ಬಂದಿರಬಹುದು. ನಮ್ಮ ವಿಜ್ಞಾನದ ಮೇಷ್ಟ್ರಿಗೆ ಇದನ್ನೆಲ್ಲ ಒಂದು ದಿನ ಉತ್ಸಾಹದಿಂದ ಹೇಳಿದೆ. ಅವರು ಪೂರ್ತಿ ಕೇಳಿ, "ಮೇಡಂ, ಶುಂಠಿ ಬೇರೇ ಅಲ್ಲ. ಅದು ನೆಲದೊಳಗಿನ ಕಾಂಡ" ಎಂದರು! ಕೊಂಬೂ ತಪ್ಪು, ಬೇರೂ ತಪ್ಪು. ಆದರೆ ಹೆಸರಿಟ್ಟವರು ಸಸ್ಯಶಾಸ್ತ್ರ ಓದಿರಲಿಲ್ಲ. ಮಣ್ಣು ಅಗೆದಾಗ ಸಿಕ್ಕಿದ್ದನ್ನು ಬೇರು ಎಂದರು. ಕೈಯಲ್ಲಿ ಮಣ್ಣಿದ್ದವರು ಕೊಟ್ಟ ಹೆಸರು ಅದು.

ಅಪ್ಪ ಆಗಿನ್ನೂ ಇದ್ದರು, ಕಣ್ಣು ಮಂದವಾಗಿತ್ತು. ಊರಿಗೆ ಹೋದಾಗ ಅಳುಕುತ್ತಲೇ ವಿಷಯ ತೆಗೆದೆ. ಸುಮ್ಮನೆ ಕೇಳಿದರು. ಬಹಳ ಹೊತ್ತಿನ ಮೇಲೆ, "ಅಮರಸಿಂಹ ಹೆಸರು ಹೇಳಿದ ಅಷ್ಟೇ ಮಗೂ. ಕೊಂಬು ಅಂತ ನಾನು ಹೇಳಿದೆ, ನನಗೆ ನನ್ನ ಗುರುಗಳು ಹೇಳಿದ್ರು" ಎಂದರು. ಅದು ಸರಿಯೇ. ಕೋಶ ಸಮಾನಾರ್ಥಕಗಳನ್ನು ಕೊಡುತ್ತದೆ, ಹುಟ್ಟಿನ ಕತೆ ಹೇಳುವುದಿಲ್ಲ. ಮತ್ತೆ, "ಆ ಹುಡುಗನಿಗೆ ಹೇಳಿದ್ಯಾ?" ಎಂದು ಕೇಳಿದರು.

ಹೇಳಿರಲಿಲ್ಲ. ಶುಂಠಿ ಬೆಳೆದ ನೆಲದಲ್ಲಿ ಮರುವರ್ಷ ಶುಂಠಿ ಹಾಕುವಂತಿಲ್ಲ. ಕೊಳೆರೋಗ ಬರುತ್ತದೆ, ನೆಲವೂ ಸೋತಿರುತ್ತದೆ. ಗುತ್ತಿಗೆಯವರು ಬೆಳೆ ಕಿತ್ತು, ಗುಡಿಸಲು ಬಿಚ್ಚಿ, ಹೊಸ ನೆಲ ಹುಡುಕಿಕೊಂಡು ಹೋಗುತ್ತಾರೆ. ಆ ಹುಡುಗನೂ ಆ ವರ್ಷದ ಪರೀಕ್ಷೆ ಮುಗಿದ ವಾರದಲ್ಲೇ ಟಿ.ಸಿ. ತೆಗೆದುಕೊಂಡಿದ್ದ. ನಾನು ನಿಜ ತಿಳಿಯುವ ಹೊತ್ತಿಗೆ ಅವರು ಯಾವ ತಾಲ್ಲೂಕಿನಲ್ಲಿದ್ದರೋ. ಶಾಲೆಯ ರಿಜಿಸ್ಟರಿನಲ್ಲಿದ್ದ ವಿಳಾಸಕ್ಕೆ ಒಂದು ಕಾಗದ ಬರೆದೆ. ಅದು ನಮ್ಮೂರಿನ ಗದ್ದೆಯ ವಿಳಾಸವೇ ಆಗಿತ್ತು, ಪೋಸ್ಟ್‌ಮನ್ ಮರುದಿನ ನನಗೇ ತಂದುಕೊಟ್ಟ.

ಜಿಂಜರಿನ ಪಾಠ ಈಗಲೂ ಮಾಡುತ್ತೇನೆ. ಬೋರ್ಡಿನ ಮೇಲೆ ಶೃಂಗವೇರ ಬರೆಯುತ್ತೇನೆ, ಅಪ್ಪನ ಜಿಂಕೆಯನ್ನೂ ತರುತ್ತೇನೆ, ಆಮೇಲೆ ಅದರ ಕೆಳಗೆ ಇನ್ನೂ ಒಂದು ಸಾಲು ಬರೆಯುತ್ತೇನೆ. ಬರೆಯುವ ಮೊದಲು, ನಿಮ್ಮ ಮನೆಯಲ್ಲಿ ಶುಂಠಿಗೆ ಏನನ್ನುತ್ತಾರೆ ಎಂದು ಬೆಂಚಿನಿಂದ ಬೆಂಚಿಗೆ ಕೇಳಿಕೊಂಡು ಬರುತ್ತೇನೆ. ಅದರಕ್ ಎನ್ನುವ ಮಗು ಇರುತ್ತದೆ, ಅಲ್ಲ ಎನ್ನುವುದಿರುತ್ತದೆ, ಒಮ್ಮೊಮ್ಮೆ ಇಂಜಿಯೂ ಸಿಗುತ್ತದೆ. ಶುಂಠ ಎಂಬ ಬೈಗುಳವನ್ನು ಬಿಟ್ಟು ಬಹಳ ಕಾಲವಾಯಿತು.

ನನ್ನ ಹತ್ತಿರ ಬೈಂಡು ಕಿತ್ತುಹೋದ ಒಂದು ಇಂಗ್ಲಿಷ್ ನಿಘಂಟಿದೆ, ಅಪ್ಪ ಕೊಡಿಸಿದ್ದು. ಅದರಲ್ಲಿ ಜಿಂಜರ್ ಎಂಬ ಶಬ್ದದ ಅಂಚಿನಲ್ಲಿ ನಾನು ಕಾಲೇಜಿನ ದಿನಗಳಲ್ಲೇ 'ಶೃಂಗವೇರ, ಅಪ್ಪ ಹೇಳಿದ್ದು' ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೆ. ಅದನ್ನು ಅಳಿಸಿಲ್ಲ. ಅದರ ಕೆಳಗೆ ಶಾಯಿಯಲ್ಲಿ 'ಇಂಜಿ, ವೇರ್' ಎಂದು ಬರೆದು, ಆ ಹುಡುಗನ ಹೆಸರು, 9ನೇ ತರಗತಿ, 2004 ಎಂದು ಸೇರಿಸಿದ್ದೇನೆ.